ನಂಬರಿಲ್ಲದ ರಸೀದಿ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್.

ಗಾದೆಮ್ಮ ಕಣ್ಣು ಬಿಟ್ಟಳು. ರಾತ್ರಿ ಹನ್ನೊಂದೂವರೆ ದಾಟಿರಬೇಕು. ಸದ್ದು ಪಡಸಾಲೆಯಿಂದ ಬರುತ್ತಿತ್ತು. ಇಲಿಯೇನಾದರೂ ವೇಷದ ಪೆಟ್ಟಿಗೆಗೆ ಬಾಯಿ ಹಾಕಿತೋ ಎಂಬ ದಿಗಿಲಿನಿಂದ ಎದ್ದು ಬಂದಳು. ಇಲಿ ಇರಲಿಲ್ಲ. ಗಂಡ ಹೊನ್ನೂರಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದ. ಮುಂದೆ ಹೊಸ ರಸೀದಿ ಪುಸ್ತಕ, ಪಕ್ಕದಲ್ಲಿ ನೀಲಿ ಮಸಿಯ ಡಬ್ಬಿ. ಪುಟ ತಿರುವುವುದು, ಸಂಘದ ಸೀಲು ಒತ್ತುವುದು.

"ಏನ್ರಿ, ಇಷ್ಟೊತ್ನ್ಯಾಗ ಏನ್ ಮಾಡಾಕತ್ತೀರಿ?"

"ನಾಳಿ ಸದಸ್ಯತ್ವದ ಹಣ ತಗೊಳ್ಳೋದೈತಿ. ನೋಡು ಬಾ, ಹೆಂಗ ಮಾಡಿಸೀನಿ."

ಕುರುಗೋಡಿನ ಗೆಜ್ಜೆನಾದ ಬಯಲಾಟ ಕಲಾವಿದರ ಸಂಘಕ್ಕೆ ಹೊನ್ನೂರಪ್ಪ ಖಜಾಂಚಿ. ಗಾದೆಮ್ಮ ಕಾರ್ಯದರ್ಶಿ. ನೂರಿಪ್ಪತ್ತು ಸದಸ್ಯರಿದ್ದಾರೆ. ವರ್ಷಕ್ಕೆ ತಲಾ ಇನ್ನೂರು ರೂಪಾಯಿ ಸದಸ್ಯತ್ವ. ಸಂಘದ ಕಿರೀಟ, ಭುಜಕೀರ್ತಿ, ಗೆಜ್ಜೆಗಳನ್ನು ಬೇರೆ ಊರಿನ ತಂಡಗಳಿಗೆ ಬಾಡಿಗೆಗೆ ಕೊಡುತ್ತಾರೆ. ಬಂದ ಹಣದಲ್ಲಿ ಹೊಸ ವೇಷ ಹೊಲಿಸುತ್ತಾರೆ, ವಯಸ್ಸಾದ ಕಲಾವಿದರ ಔಷಧಿಗೆ ಕೊಡುತ್ತಾರೆ. ಲಾಭ ಹಂಚಿಕೊಳ್ಳುವ ಮಾತೇ ಇಲ್ಲ.

ಆ ಸಂಘದಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇದೆ. ಆಟದಲ್ಲಿ ಯಾರು ರಾಜನ ಕಿರೀಟ ತೊಡುತ್ತಾರೋ ಸಂಘದ ಹಣದ ಪೆಟ್ಟಿಗೆಯೂ ಅವರ ಬಳಿಯೇ ಇರಬೇಕು. ಎರಡೂ ಹತ್ತು ಜನರ ಆಸ್ತಿ, ನಂಬಿಕೆಯಿಂದ ಒಬ್ಬರ ಕೈಗೆ ಕೊಟ್ಟಿದ್ದು. ಆ ನಂಬಿಕೆ ಹೋದರೆ ಎರಡೂ ಒಟ್ಟಿಗೆ ಹೋಗಬೇಕು. ಹೊನ್ನೂರಪ್ಪ ಇಪ್ಪತ್ತೆರಡು ವರ್ಷದಿಂದ ರಾಜ.

ಗಾದೆಮ್ಮ ರಸೀದಿಯನ್ನು ದೀಪಕ್ಕೆ ಹಿಡಿದು ಓದಿದಳು. ಸದಸ್ಯತ್ವ ಇನ್ನೂರು. ಅದರ ಕೆಳಗೆ ಜಿಎಸ್‌ಟಿ ಶೇಕಡಾ ಹದಿನೆಂಟು, ಮೂವತ್ತಾರು. ಒಟ್ಟು ಇನ್ನೂರ ಮೂವತ್ತಾರು. ಮೇಲ್ಗಡೆ 'ಜಿಎಸ್‌ಟಿ ನಂಬರ್' ಎಂದು ಅಚ್ಚಾಗಿತ್ತು. ಅದರ ಮುಂದಿನ ಖಾಲಿ ಜಾಗದ ಮೇಲೆಯೇ ಸೀಲು ಬಿದ್ದಿತ್ತು.

"ಇದೇನ್ರಿ, ನಮ್ಮ ಸಂಘಕ್ಕ ಯಾವಾಗ ಬಂತು ಇದು?"

"ಬಳ್ಳಾರಿ ಕೌಲ್ ಬಜಾರಿನ್ಯಾಗ ಜರಿ ತರಾಕ ಹೋಗಿದ್ನಲ್ಲ, ಆ ಅಂಗಡಿ ಬಿಲ್ ನೋಡಿದೆ. ಎಷ್ಟು ಗತ್ತು ಇತ್ತು ಅಂತಿ. ನಮ್ಮದು ಏನು ಹುಣಸಿಹಣ್ಣು ಕಟ್ಟೋ ಚೀಟಿನಾ? ಅದೇ ಬಿಲ್ ತೋರಿಸಿ ಪ್ರೆಸ್ಸಿನ್ಯಾಗ ಅಚ್ಚು ಹಾಕಿಸಿದೆ."

"ಮತ್ತ ಆ ನಂಬರಿನ ಜಾಗ?"

"ನಂಬರ್ ಆಮ್ಯಾಗ ತಗೊಂಡ್ರಾತು. ಖಾಲಿ ಕಾಣಬಾರ್ದಂತ ಸೀಲ್ ಹೊಡ್ಯಾಕತ್ತೀನಿ. ಸರ್ಕಾರಕ್ಕ ಕೊಡೋ ರೊಕ್ಕ ತಗೊಂಡ್ರ ತಪ್ಪೇನು? ನಾನೇನು ತಿಂತೀನಾ?"

ತಿನ್ನುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಸಣ್ಣ ಅಳುಕು ಎದೆಯಲ್ಲಿ ಉಳಿಯಿತು. ಕೇಳಬೇಕಾದವರನ್ನು ಕೇಳೋಣ ಎಂದುಕೊಂಡಳು. ಮಾರನೆಯ ದಿನ ಮೆಣಸಿನಕಾಯಿ ಬಿಡಿಸುವ ಕೆಲಸ ಬಂತು, ಆಮೇಲೆ ತಾಲೀಮು ಬಂತು. ಕೇಳುವುದು ಹಿಂದೆ ಬಿತ್ತು.

ಐದು ತಿಂಗಳು ಕಳೆದ ಮೇಲೆ ಸಿರುಗುಪ್ಪದಿಂದ ಫೋನ್ ಬಂತು. ಅಲ್ಲಿನ ಒಂದು ಕಾಲೇಜಿನ ಸಾಂಸ್ಕೃತಿಕ ಸಮಿತಿಯನ್ನು ನೋಡಿಕೊಳ್ಳುವ ಪಂಪಾವತಿ ಮೇಡಂ. ಹುಡುಗಿಯರು ಕೆಂಚನಗುಡ್ಡದಲ್ಲಿ ಆಡಿದ ಆಟಕ್ಕೆ ಇವರಿಂದಲೇ ವೇಷ ಬಾಡಿಗೆಗೆ ಒಯ್ದಿದ್ದರು.

"ಗಾದೆಮ್ಮಾರೆ, ನಿಮ್ಮ ರಸೀದಿಯಾಗ ಜಿಎಸ್‌ಟಿ ಅಂತ ಸಾವಿರದ ಎಂಬತ್ತು ಹಾಕೀರಿ. ನಂಬರ್ ಎಲ್ಲೈತ್ರಿ?"

"ನಂಬರ್..." ಎನ್ನುತ್ತ ಗಾದೆಮ್ಮ ರಸೀದಿ ಪುಸ್ತಕ ಹುಡುಕಿ ತೆಗೆದಳು.

"ಸೀಲ್ ಕೆಳಗ ಇರಬೇಕು ಅಂತ ನಮ್ಮ ಆಡಿಟರ್ ಭೂತಗನ್ನಡಿ ಹಿಡ್ದು ನೋಡಿದ್ರು. ಏನೂ ಇಲ್ಲ. ನಾನು ಕೈಯಿಂದ ರೊಕ್ಕ ಕೊಟ್ಟೀನಿ, ಕಾಲೇಜಿನೋರು ಬಿಲ್ ಪಾಸ್ ಮಾಡಂಗಿಲ್ಲ ಅಂತಾರ. ನಂಬರ್ ಇಲ್ಲದೆ ತೆರಿಗಿ ತಗೊಳ್ಳಾಕ ಬರಂಗಿಲ್ಲಂತ. ನಿಮ್ಮ ಮ್ಯಾಲೆ ಸಿಟ್ಟಿಲ್ಲ ನನಗ. ಆದ್ರ ಲಗೂನ ಏನರ ಮಾಡ್ರಿ."

ಫೋನಿನಲ್ಲಿ ಆಡಿದ ಮಾತು ಸಂಜೆಯೊಳಗೆ ಮಾರೇಶನ ಚಹಾದಂಗಡಿಗೆ ಹೇಗೆ ತಲುಪಿತೋ. ಮಾರೇಶ ಸಂಘದ ಮದ್ದಳೆಗಾರ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ತಾಲೀಮಿಗೆ ಬಂದವನು ಮದ್ದಳೆ ಬಿಗಿಯುತ್ತಲೇ ಶುರು ಮಾಡಿದ.

"ಮಹಾರಾಜರ, ನನ್ನ ಮೂವತ್ತಾರು ರೂಪಾಯಿ ಡೆಲ್ಲಿ ಮುಟ್ಟಿತೋ, ಇಲ್ಲಾ ದಾರ್ಯಾಗ ನಿಮ್ಮ ಮನಿ ಮುಂದ ಇಳೀತೋ?"

ಇಬ್ಬರು ನಕ್ಕರು. ಉಳಿದವರು ನಗಲಿಲ್ಲ.

"ಮಾತು ಅಳೆದು ಆಡು ಮಾರೇಶ" ಎಂದ ಹೊನ್ನೂರಪ್ಪ.

"ಅಳೆದೇ ಆಡಾಕತ್ತೀನಿ ಕಾಕಾ. ಸಂಘಕ್ಕ ಟ್ಯಾಕ್ಸೇ ಇಲ್ಲ ಅಂತಾರ ಎಲ್ಲಾರು. ಅರವತ್ತು ಮಂದಿ ಕೊಟ್ಟೀವಿ. ಬಾಡಿಗಿ ತಗೊಂಡ ಊರೋರೂ ಕೊಟ್ಟಾರ. ಎಲ್ಲೈತಿ ಅದು?"

ಹೊನ್ನೂರಪ್ಪ ಎದ್ದು ಒಳಗೆ ಹೋದ. ಕಿರೀಟದ ಪೆಟ್ಟಿಗೆಯ ತಳದಿಂದ ಒಂದು ಬಟ್ಟೆಯ ಚೀಲ ತಂದು ಎಲ್ಲರ ಮುಂದೆ ಇಟ್ಟ. ಅದರ ಮೇಲೆ ಬಾಲ್ ಪೆನ್ನಿನಲ್ಲಿ 'ಸರ್ಕಾರದ್ದು' ಎಂದು ಬರೆದಿತ್ತು. ಒಳಗೆ ಒಂಬತ್ತು ಸಾವಿರದ ಏಳುನೂರಾ ಇಪ್ಪತ್ತು ರೂಪಾಯಿ. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ.

"ಯಾರಿಗೆ ಕೊಡಬೇಕು ಅಂತ ಗೊತ್ತಾಗಲಿಲ್ಲ. ಅದಕ್ಕ ಇಟ್ಟಿದ್ದೆ" ಎಂದ. ಆಟದಲ್ಲಿ ಪಕ್ಕದ ಓಣಿಗೂ ಕೇಳುವ ದನಿ ಅಂದು ತನಗೇ ಕೇಳುವಷ್ಟಿತ್ತು. "ಬರೋ ಸೋಮವಾರ ಸಭಾ ಕರೀರಿ. ಕಿರೀಟ ಕೆಳಗ ಇಡ್ತೀನಿ. ಪೆಟ್ಟಿಗೀನೂ ಕೊಡ್ತೀನಿ."

ಆ ಮಾತಿಗೆ ಮಾರೇಶನ ಕೈಯೂ ಮದ್ದಳೆಯ ಮೇಲೆ ನಿಂತುಬಿಟ್ಟಿತು.

ಬೆಳಿಗ್ಗೆ ಗಾದೆಮ್ಮ ರಸೀದಿ ಪುಸ್ತಕ, ಲೆಕ್ಕದ ವಹಿ, ಆ ಚೀಲ ಮೂರನ್ನೂ ಕೈಚೀಲಕ್ಕೆ ಹಾಕಿಕೊಂಡಳು. ಗಂಡನನ್ನು ಎಬ್ಬಿಸಿ ಬಳ್ಳಾರಿ ಬಸ್ಸು ಹತ್ತಿಸಿದಳು. ದಾರಿಯುದ್ದಕ್ಕೂ ಆತ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಆ ರಾತ್ರಿಯೇ ಕೇಳಬೇಕಿತ್ತು, ಸುಮ್ಮನಿದ್ದೆನಲ್ಲ ಎಂಬುದೇ ಗಾದೆಮ್ಮನ ತಲೆಯಲ್ಲಿ ಸುತ್ತುತ್ತಿತ್ತು.

ಅವಳ ತಂಗಿಯ ಮಗಳು ಸುಧಾರಾಣಿ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಬಿ.ಕಾಂ. ಮುಗಿಸಿದವಳು. ಇಬ್ಬರಿಗೂ ಚಹಾ ತರಿಸಿಕೊಟ್ಟು ರಸೀದಿಯನ್ನು ಕೈಗೆತ್ತಿಕೊಂಡಳು.

"ದೊಡ್ಡಪ್ಪ, ನಂಬರ್ ಇಲ್ಲದೆ ಇದನ್ನ ಅಚ್ಚು ಹಾಕಿಸಿದ್ದು ಯಾರು?"

"ನಾನಽ."

"ಚಲೋ ಅಚ್ಚು ಹಾಕಿಸೀಯ, ದೊಡ್ಡ ತಪ್ಪು ಮಾಡೀಯ" ಎಂದು ನಕ್ಕಳು. ಆತ ನಗದಿದ್ದುದನ್ನು ಕಂಡು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಅಂಜಬ್ಯಾಡ. ಸರಿ ಮಾಡೋಣು. ಮೊದಲ ನನ್ನ ಪ್ರಶ್ನಿಗೆ ಉತ್ತರ ಹೇಳು. ವರ್ಷಕ್ಕ ಸಂಘಕ್ಕ ಎಷ್ಟು ಬರತೈತಿ? ಎಲ್ಲಾ ಸೇರಿಸಿ."

ಗಾದೆಮ್ಮ ವಹಿ ತೆರೆದಳು. ಸದಸ್ಯತ್ವದಿಂದ ಇಪ್ಪತ್ನಾಲ್ಕು ಸಾವಿರ. ವೇಷದ ಬಾಡಿಗೆ ಎರಡೂವರೆ ಲಕ್ಷದ ಹತ್ತಿರ. ಆಟ ಆಡಿದ್ದಕ್ಕೆ ಸುಮಾರು ಮೂರು ಲಕ್ಷ. ಒಟ್ಟು ಆರು ಲಕ್ಷದ ಒಳಗೆ.

"ನೋಡು, ನಿಮ್ಮಂಗ ಸೇವಾ ಕೊಡೋ ಸಂಘಕ್ಕ ವರ್ಷದ ವಹಿವಾಟು ಇಪ್ಪತ್ತು ಲಕ್ಷ ದಾಟೋ ತನಕ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು ಅಂತ ಇಲ್ಲ. ನೀವು ಆರು ಲಕ್ಷದ ಒಳಗ ಅದೀರಿ."

"ಹಂಗಾದ್ರ ಮಾರೇಶ ಅಂದಿದ್ದು ಖರೆ? ಸಂಘಕ್ಕ ಟ್ಯಾಕ್ಸೇ ಇಲ್ಲ?" ಎಂದು ಹೊನ್ನೂರಪ್ಪ ಮೊದಲ ಬಾರಿಗೆ ತಲೆ ಎತ್ತಿದ.

"ಅವನದೂ ಅರ್ಧ ತಪ್ಪು. ಲಾಭ ಮಾಡದ ಸಂಘ ಅಂದ ಕೂಡಲೇ ಜಿಎಸ್‌ಟಿ ಬಿಟ್ಟು ಹೋಗಂಗಿಲ್ಲ. ಸದಸ್ಯರಿಂದ ಹಣ ತಗೊಂಡು ಅವರಿಗೇ ಸೇವಾ ಕೊಟ್ರೂ ಅದು ವ್ಯವಹಾರನ ಅಂತ ಕಾಯ್ದೆ ಹೇಳತೈತಿ. ನಾಳಿ ನಿಮ್ಮದು ಇಪ್ಪತ್ತು ಲಕ್ಷ ದಾಟಿದ್ರ ನೋಂದಣಿ ಮಾಡಿಸಬೇಕು. ಬಾಡಿಗಿ ಮ್ಯಾಲೆ ತೆರಿಗಿ ಹಾಕಬೇಕು, ಕಟ್ಟಬೇಕು."

"ಸದಸ್ಯತ್ವದ ಮ್ಯಾಲೂ?" ಗಾದೆಮ್ಮ ಕೇಳಿದಳು.

"ಅದಕ್ಕ ವಿನಾಯಿತಿ ಐತಿ ದೊಡ್ಡವ್ವ. ಕಲೆ, ಸಂಸ್ಕೃತಿ, ಶಿಕ್ಷಣ, ರೈತರ ಒಳಿತು, ಸಮಾಜದ ಕೆಲಸ, ಇಂಥಾದ್ದಕ್ಕ ಲಾಭವಿಲ್ಲದೆ ದುಡಿಯೋ ಸಂಘ ತನ್ನ ಸದಸ್ಯರಿಂದ ವರ್ಷಕ್ಕ ತಲಾ ಒಂದು ಸಾವಿರ ರೂಪಾಯಿ ತನಕ ಸದಸ್ಯತ್ವದ ಶುಲ್ಕ ತಗೊಂಡ್ರ ಅದಕ್ಕ ಜಿಎಸ್‌ಟಿ ಇಲ್ಲ. ನಿಮ್ಮದು ಬರೇ ಇನ್ನೂರು. ಆದ್ರ ಇಪ್ಪತ್ತು ಲಕ್ಷದ ಲೆಕ್ಕ ಹಾಕುವಾಗ ವಿನಾಯಿತಿ ಇರೋ ಹಣಾನೂ ಸೇರಿಸಬೇಕು. ಇದನ್ನ ಭಾಳ ಮಂದಿ ಮರೀತಾರ."

"ಊರ ಗೌಡ್ರು ಹೋದ ವರ್ಷ ಹತ್ತು ಸಾವಿರ ಕೊಟ್ರಲ್ಲ, ಗೆಜ್ಜಿ ಮಾಡಿಸ್ರಿ ಅಂತ?"

"ಅದರ ಬದಲಿಗೆ ಅವರಿಗೆ ಏನರ ಕೊಡಬೇಕಿತ್ತೇನು? ಅವರ ಅಂಗಡಿ ಬೋರ್ಡು ಹಾಕೋದು, ಅಂಥಾದ್ದು?"

"ಏನೂ ಇಲ್ಲ. ಮುಂದ ಕುಂತು ಆಟ ನೋಡಿ ನಿದ್ದಿ ಹೊಡದ್ರು, ಅಷ್ಟ."

"ಹಂಗಾದ್ರ ಅದು ದೇಣಿಗಿ. ಅದಕ್ಕ ಜಿಎಸ್‌ಟಿ ಬರಂಗಿಲ್ಲ."

ಹೊನ್ನೂರಪ್ಪ ಬಟ್ಟೆಯ ಚೀಲವನ್ನು ಮೇಜಿನ ಮೇಲೆ ಇಟ್ಟ. "ಇದನ್ನ ಯಾರ್ಯಾರು ಕೊಟ್ಟಾರೋ ಅವರಿಗೆ ತಿರುಗಿ ಕೊಟ್ಟುಬಿಡ್ತೀನಿ. ಮುಗೀತಲ್ಲ?"

ಸುಧಾರಾಣಿ ಅಡ್ಡಡ್ಡ ತಲೆಯಾಡಿಸಿದಳು. "ಮನಸಿಗೆ ಅದೇ ಸರಿ ಅನಸತೈತಿ. ಕಾಯ್ದೆ ಹಂಗಿಲ್ಲ ದೊಡ್ಡಪ್ಪ. ನೋಂದಣಿ ಇಲ್ಲದೋರು ತೆರಿಗಿ ಅಂತ ಒಂದು ಪೈಸಾನೂ ತಗೊಳ್ಳೋ ಹಾಗಿಲ್ಲ. ತಗೊಂಡಿದ್ರ ಅದು ಸಂಘದ್ದಲ್ಲ, ನಿನ್ನದಲ್ಲ, ನೀ ಚೀಲದ ಮ್ಯಾಲೆ ಬರದೀಯಲ್ಲ, ಅವರದೇ. ಸರ್ಕಾರಕ್ಕ ಕಟ್ಟಬೇಕು, ತಡಾ ಆಗಿದ್ದಕ್ಕ ಬಡ್ಡಿ ಸೇರಿಸಿ. ಕೊಟ್ಟೋರು ಬೇಕಿದ್ರ ಇಲಾಖೆಯಿಂದ ವಾಪಸ್ ಕೇಳಾಕ ಬೇರೆ ದಾರಿ ಐತಿ."

"ದಂಡ?"

"ಹಾಕಂಗಿಲ್ಲ ಅಂತ ನಾ ಮಾತು ಕೊಡಾಕ ಬರಂಗಿಲ್ಲ. ಆದ್ರ ನೋಟೀಸು ಬರೋ ತನಕ ಕಾಯದೆ ನಾವಾಗೇ ಹೋಗಿ, ಹಿಂಗ ತಪ್ಪಾಗೈತಿ ಅಂದ್ರ ನಮಗ ಚಲೋ. ನಡೀ, ಈಗಲೇ ಹೋಗೋಣು."

ಅವರು ಮೂವರೂ ತೆರಿಗೆ ಕಚೇರಿಗೆ ಹೋದರು. ಸುಧಾರಾಣಿ ಬರೆದುಕೊಟ್ಟ ಪತ್ರಕ್ಕೆ ಹೊನ್ನೂರಪ್ಪ ಸಹಿ ಹಾಕಿದ. ಅಲ್ಲಿನವರು ಪ್ರತಿಯೊಂದು ರಸೀದಿಯನ್ನೂ ಎಣಿಸಿ ನೋಡಿ, ಚಲನ್ ಕಟ್ಟುವ ಕ್ರಮ ಹೇಳಿಕೊಟ್ಟರು. ಎರಡು ಸಲ ಓಡಾಡಬೇಕಾಯಿತು. ಮೂರನೆಯ ದಿನ ಚೀಲದಲ್ಲಿದ್ದ ಹಣ ಪೂರ್ತಿ ಸರ್ಕಾರಕ್ಕೆ ಸೇರಿತು. ಬಡ್ಡಿಯನ್ನು ಹೊನ್ನೂರಪ್ಪ ತನ್ನ ಜೇಬಿನಿಂದ ಕಟ್ಟಿದ.

ಚಲನ್ ನಕಲು ಜೋಡಿಸಿದ ಪತ್ರವೊಂದನ್ನು ಗಾದೆಮ್ಮ ತಾನೇ ಸಿರುಗುಪ್ಪಕ್ಕೆ ಒಯ್ದು ಪಂಪಾವತಿ ಮೇಡಂ ಕೈಗೆ ಕೊಟ್ಟಳು. ಆಡಿಟರ್ ಓದಿ ಬಿಲ್ ಪಾಸ್ ಮಾಡಿದರು. ಮೇಡಂ ಬಸ್ ಸ್ಟ್ಯಾಂಡಿನವರೆಗೆ ಬಂದು, "ತಪ್ಪು ಮಾಡೋರು ಭಾಳ ಮಂದಿ ನೋಡೀನ್ರಿ. ಪತ್ರ ಹಿಡ್ಕೊಂಡು ಮನಿ ಬಾಗಿಲಿಗೆ ಬಂದೋರು ನೀವೇ ಮೊದಲು. ಬರೋ ವರ್ಷಾನೂ ವೇಷ ನಿಮ್ಮದೇ" ಎಂದರು.

ಸೋಮವಾರ ಸಂಜೆ ತಾಲೀಮಿನ ಮನೆ ತುಂಬಿತ್ತು. ಎಂಟು ಜನ ಬರುವ ಕಡೆ ತೊಂಬತ್ತು ಜನ ಬಂದಿದ್ದರು. ಹಿರಿಯ ಕಲಾವಿದ ಉಜ್ಜಿನಪ್ಪ ಅಧ್ಯಕ್ಷ. ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಕಿರೀಟ ಇಟ್ಟು, ಪಕ್ಕದಲ್ಲಿ ಹಣದ ಪೆಟ್ಟಿಗೆಯ ಬೀಗದ ಕೈ ಇಟ್ಟು ಹೊನ್ನೂರಪ್ಪ ದೂರ ಸರಿದು ನಿಂತ.

ಗಾದೆಮ್ಮ ಎದ್ದು ನಿಂತಳು. ಮೊದಲು ಚಲನ್ ಓದಿದಳು. ಬಳಿಕ ಸುಧಾರಾಣಿ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಯಾರೋ ಹಿಂದಿನಿಂದ, "ವೇಷ ಮಾರಿದ್ರ ಏನಕ್ಕಾ?" ಎಂದರು.

"ಬರೇ ಸಾಮಾನು ಮಾರೋರಿಗೆ ಮಿತಿ ಬೇರೆ ಐತಂತ. ಗಡಿ ದಾಟಿ ಆಂಧ್ರಕ್ಕ ಮಾರೋದಿದ್ರ ನಿಯಮಾನೂ ಬೇರೆ. ನನಗ ಪೂರ್ತಿ ತಿಳೀದು. ಮಾರೋ ಮುಂಚೆ ಕೇಳೋಣು. ಮಾರಿದ ಮ್ಯಾಲೆ ಕೇಳಿ ನಮಗ ಸಾಕಾಗೈತಿ."

ಈ ಮಾತಿಗೆ ಎಲ್ಲರೂ ನಕ್ಕರು. ಹೊನ್ನೂರಪ್ಪನೂ ನಕ್ಕ.

ಮಾರೇಶ ಮದ್ದಳೆಯ ಹಿಂದಿನಿಂದ ಎದ್ದ. "ಕಾಕಾ, ನನ್ನ ಮೂವತ್ತಾರು ರೂಪಾಯಿ ಸರ್ಕಾರ ಮುಟ್ಟೈತಿ ಅಂತ ಕಾಗದದ ಮ್ಯಾಲೆ ಕಂಡೆ. ಬಾಯಿ ಬಿಟ್ಟಿದ್ದು ನನ್ನ ತಪ್ಪು. ಅದಕ್ಕ ಬಡ್ಡಿ ಹಾಕಬ್ಯಾಡ. ನೀ ಇಲ್ಲಾಂದ್ರ ನಾ ಮದ್ದಳಿ ಬಾರಿಸೋದು ಯಾರ ಹೆಜ್ಜಿಗೆ?"

ಉಜ್ಜಿನಪ್ಪ ಸಭೆಯನ್ನು ಸುತ್ತ ನೋಡಿದರು. "ಚೀಲದಾಗ ಒಂದು ರೂಪಾಯಿ ಕಡಿಮಿ ಇರಲಿಲ್ಲ. ತಪ್ಪು ಅಂತ ತಿಳಿದ ಮ್ಯಾಲೆ ಇವ್ರು ಮುಚ್ಚಿಡಲಿಲ್ಲ. ಇಂಥವರು ನಮ್ಮ ಸಂಘದಾಗ ಅದಾರ ಅಂತ ನಾನು ಎದಿ ತಟ್ಟಿ ಹೇಳ್ತೀನಿ. ಹೊನ್ನೂರಪ್ಪ, ಕಿರೀಟ ತಗೋ."

"ಕಿರೀಟ ತಗೊಂತೀನಿ ಹಿರಿಯರ" ಎಂದ ಹೊನ್ನೂರಪ್ಪ. "ಬೀಗದ ಕೈ ಬ್ಯಾಡ. ಆ ರಾತ್ರಿ ಖಾಲಿ ಜಾಗ ಕಂಡಾಕಿ ಇವಳು. ನಾ ಸೀಲ್ ಹೊಡದು ಮುಚ್ಚಿದೆ. ಪೆಟ್ಟಿಗಿ ಇವಳ ಕೈಯಾಗ ಇರ್ಲಿ."

ಕಿರೀಟ ಒಬ್ಬರ ಬಳಿ, ಪೆಟ್ಟಿಗೆ ಇನ್ನೊಬ್ಬರ ಬಳಿ. ಸಂಘದಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಆಮೇಲೆ ಒಂದೊಂದಾಗಿ ಕೈಗಳು ಮೇಲೆದ್ದವು. ಕೊನೆಗೆ ಕೆಳಗಿದ್ದ ಕೈ ಯಾವುದೂ ಇರಲಿಲ್ಲ. ಹಳೆಯ ರಸೀದಿಗಳ ಎರಡನೆಯ ಪ್ರತಿಗಳನ್ನು ದಾಖಲೆಗೆ ಕಟ್ಟಿಟ್ಟರು, ಉಳಿದ ಖಾಲಿ ಹಾಳೆಗಳಿಗೆ ಅಡ್ಡಗೆರೆ ಎಳೆದರು. ಹೊಸ ಪುಸ್ತಕದಲ್ಲಿ ಸಂಘದ ಹೆಸರು, ಯಾತಕ್ಕೆ ತೆಗೆದುಕೊಂಡದ್ದು, ಎಷ್ಟು, ಅಷ್ಟೇ. ಗತ್ತಿಗೆ ಅಷ್ಟು ಸಾಕಾಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಒಂದು ಸಂಘ ಇರಬಹುದು. ಭಜನೆಯದೋ, ಆಟದ್ದೋ, ಓದುಮನೆಯದೋ, ರೈತರದೋ. ಇಂದೇ ಅದರ ರಸೀದಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ನೋಂದಣಿ ನಂಬರ್ ಇಲ್ಲದೆ ಅದರಲ್ಲಿ ಜಿಎಸ್‌ಟಿ ಎಂಬ ಸಾಲು ಇದ್ದರೆ ಇಂದಿನಿಂದಲೇ ಆ ಹಣ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ತೆಗೆದುಕೊಂಡದ್ದನ್ನು ಸರ್ಕಾರಕ್ಕೆ ತಲುಪಿಸಿ. ವರ್ಷದ ಎಲ್ಲ ಆದಾಯವನ್ನೂ ಒಂದೇ ಕಡೆ ಬರೆದಿಡಿ, ಇಪ್ಪತ್ತು ಲಕ್ಷದ ಹತ್ತಿರ ಬಂದರೆ ದಾಟುವ ಮೊದಲೇ ತೆರಿಗೆ ಕಚೇರಿಯನ್ನೋ ತಿಳಿದವರನ್ನೋ ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಕೇಳಿ. ನಾಚಿಕೆ ಬೇಡ. ನೀವು ದುಡಿಯುತ್ತಿರುವುದು ಊರಿಗಾಗಿ. ಲೆಕ್ಕ ಸರಿಯಿದ್ದರೆ ತಲೆ ಎತ್ತಿ ದುಡಿಯಬಹುದು.

ಗಾದೆಮ್ಮ ಈಗ ಈ ಮಾತುಗಳನ್ನು ಕೇಳಿದವರಿಗೂ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ತಮ್ಮ ತಪ್ಪನ್ನೂ ಸೇರಿಸಿಯೇ ಹೇಳುತ್ತಾಳೆ. ಅವಳು ಹೇಳದೆ ಉಳಿಸಿಕೊಂಡದ್ದು ಒಂದೇ ಒಂದು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಅವಳು ವೇಷದ ಕೋಣೆಗೆ ಬೀಗ ಹಾಕಲು ಹೋಗಿದ್ದಳು. ಹೊನ್ನೂರಪ್ಪ ಅಲ್ಲೇ ಕಿರೀಟ ಒರೆಸುತ್ತ ಕೂತಿದ್ದ.

"ಬಾ ಇಲ್ಲಿ" ಎಂದ. "ಪೆಟ್ಟಿಗಿ ಯಾರದೋ ಕಿರೀಟಾನೂ ಅವರದೇ. ಕಟ್ಟಳಿ ಹಂಗೈತಿ."

ಅವಳು ಬೇಡ ಎನ್ನುವುದರೊಳಗೆ ಅದನ್ನು ಎತ್ತಿ ಅವಳ ತಲೆಯ ಮೇಲೆ ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು, ಆಟದಲ್ಲಿ ಮಂತ್ರಿ ರಾಜನಿಗೆ ಮಾಡುವಂತೆ ಸೊಂಟ ಬಾಗಿಸಿ ಕೈ ಮುಗಿದ. ಮುಖದಲ್ಲಿ ತಮಾಷೆ ಇರಲಿಲ್ಲ.

ಗೋಡೆಯ ಕನ್ನಡಿಯಲ್ಲಿ ಗಾದೆಮ್ಮ ತನ್ನನ್ನು ನೋಡಿಕೊಂಡಳು. ಕಿರೀಟ ಅವಳು ಎಣಿಸಿದ್ದಕ್ಕಿಂತ ಭಾರ ಇತ್ತು. ಕುತ್ತಿಗೆಯನ್ನು ನೆಟ್ಟಗೆ ಇಟ್ಟುಕೊಳ್ಳದೆ ವಿಧಿ ಇರಲಿಲ್ಲ. ಅವಳು ನೆಟ್ಟಗೆ ನಿಂತಳು. ಒಂದು ನಿಮಿಷ ಹಾಗೇ ನಿಂತಿದ್ದಳು.

ಆಮೇಲೆ ತಾನೇ ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಕಟ್ಟೆಯ ಮೇಲೆ ಕೂತಿದ್ದ ನೆರೆಮನೆಯ ಹಂಪಕ್ಕ, "ಏನವ್ವಾ ಖಜಾಂಚಿ, ಒಳಗ ಇಷ್ಟೊತ್ತು ಏನ್ ಮಾಡಾಕತ್ತಿದ್ದಿ? ಮುಖ ಭಾಳ ಹೊಳ್ಯಾಕತ್ತೈತಿ" ಎಂದಳು.

"ಏನಿಲ್ಲವ್ವಾ, ಧೂಳು ಒರಸಾಕತ್ತಿದ್ದೆ" ಎಂದಳು ಗಾದೆಮ್ಮ. ಇದೊಂದನ್ನು ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿರ್ಧರಿಸಿಯಾಗಿತ್ತು.